ಸಾಂತವ್ವ ಮತ್ತು ಉಪ್ಪಿನ ಹಾಡು

ಬಹಳ ಹಿಂದಿನ ಮಾತು. ಬೆಳ್ಳಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿಂದ ಕಡಲು ದೂರ, ಆದ್ದರಿಂದ ಉಪ್ಪನ್ನು ಎತ್ತುಗಳ ಮೇಲೆ ಹೇರಿ ತರಬೇಕಿತ್ತು. ಉಪ್ಪಿನವರಲ್ಲಿ ಒಬ್ಬ ಕಿನ್ನರಿ ನುಡಿಸುತ್ತಿದ್ದ. ಕಿನ್ನರಿ ಎಂದರೆ ಬಿದಿರಿನ ಕೋಲಿಗೆ ಒಣಗಿದ ಸೋರೆಬುರುಡೆ ಕಟ್ಟಿ, ತಂತಿ ಬಿಗಿದ ವಾದ್ಯ. "ಉಪ್ಪು ಬಂತಕ್ಕ ಉಪ್ಪು, ಕಡಲ ಬಿಟ್ಟು ಬಂತಕ್ಕ" ಎಂಬ ಸಾಲನ್ನು ತಂತಿಯಲ್ಲಿ ನುಡಿಸಿ ಅವನು ನಿಲ್ಲಿಸುತ್ತಿದ್ದ. ಮನೆಯವರು "ಬಾಗಿಲಿಗೆ ಬಾರಣ್ಣ, ಸೇರು ತುಂಬಿ ತಾರಣ್ಣ" ಎಂದು ಹಾಡಿದರೆ ಎತ್ತು ನಿಲ್ಲುತ್ತಿತ್ತು. ಹಾಡದಿದ್ದರೆ ಆ ಮನೆಗೆ ಉಪ್ಪು ಬೇಡವೆಂದು ಅರ್ಥ. ಹೀಗಾಗಿ ಊರಿಗೆಲ್ಲ ಆ ಹಾಡು ಬಾಯಿಪಾಠವಾಗಿತ್ತು.

ಗಾಣಿಗರ ಮನೆಯ ಸಾಂತವ್ವ ಚಿಕ್ಕಂದಿನಲ್ಲಿ ಆ ಹಾಡು ಕೇಳಿಯೇ ಕಿನ್ನರಿಯನ್ನು ಮೆಚ್ಚಿದಳು. ಬೇರೆ ಮಕ್ಕಳು ಮುಂದಿನ ಸಾಲು ಕೂಗುತ್ತಿದ್ದರೆ, ಅವಳು ತಂತಿಯ ನಡುಕ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದಳು. ಅದನ್ನು ಕಂಡ ಅಣ್ಣ ಹೊನ್ನಯ್ಯ ಅವಳಿಗೊಂದು ಕಿನ್ನರಿ ಮಾಡಿಕೊಟ್ಟ. ದೊಡ್ಡವಳಾದ ಮೇಲೆ ಅವಳು ಅರಮನೆಯ ಗುರುಗಳ ಹತ್ತಿರ ದೊಡ್ಡ ರಾಗಗಳನ್ನೂ ಕಲಿತಳು.

ಅರಮನೆಯಲ್ಲಿ ವಜ್ರಕಂಠ ಎಂಬ ಗಾಯಕನಿದ್ದ. ಅವನು ಮಾಟಗಾರನೂ ಹೌದು. ಜನ ತನ್ನ ಹಾಡು ಬಿಟ್ಟು ಉಪ್ಪಿನ ಹಾಡು ಗುನುಗುತ್ತಾರೆ ಎಂದು ಅವನಿಗೆ ಹೊಟ್ಟೆಯುರಿ. ಊರಾಚೆ ಕಲ್ಮಲೆ ಎಂಬ ಬೆಟ್ಟದ ಮೇಲಿನ ಕೋಟೆ ಸೇರಿ, "ಆ ಹಾಡನ್ನು ಬಾಯಲ್ಲಿ ಯಾರೇ ಹಾಡಿದರೂ ಕಲ್ಲಾಗಲಿ" ಎಂದು ಶಾಪ ಹಾಕಿದ. ಗಾಣ ಹೊಡೆಯುತ್ತ ಹಾಡುವುದು ಹೊನ್ನಯ್ಯನ ರೂಢಿ. ಅರ್ಧ ಸಾಲಿಗೇ ಅವನು ಕಲ್ಲಾದ. ಉಳಿದವರು ಬಾಯಿ ಮುಚ್ಚಿಕೊಂಡರು. ಎತ್ತುಗಳು ಯಾವ ಮನೆಯ ಮುಂದೆಯೂ ನಿಲ್ಲಲಿಲ್ಲ. ಕೂಗಿ ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂಗಿದರು, ಆದರೆ ಎತ್ತುಗಳಿಗೆ ಹಾಡು ಮಾತ್ರ ಗೊತ್ತಿತ್ತು.

ಅಣ್ಣನನ್ನು ಬಿಡಿಸಿಕೊಡೆಂದು ವಜ್ರಕಂಠನನ್ನು ಬೇಡಲು ಸಾಂತವ್ವ ಕಿನ್ನರಿ ಹಿಡಿದು ಕಲ್ಮಲೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಏಳು ಸೊಂಡಿಲ ಆನೆ ನಿಂತಿತ್ತು. ದೊಡ್ಡ ಕೋಟೆಗೆ ದೊಡ್ಡ ರಾಗವೇ ಸರಿ ಎಂದುಕೊಂಡು ಅವಳು ರಾಗ ನುಡಿಸಿದಳು. ಅದು ತಪ್ಪಾಯಿತು. ಆನೆ ತುಳಿಯಲು ಕಾಲೆತ್ತಿತು. ಹೆದರಿದ ಬೆರಳುಗಳು ತಾವಾಗಿಯೇ ಉಪ್ಪಿನ ಹಾಡಿಗೆ ಜಾರಿದವು. ಆನೆ ಮರಿಯಾಗಿದ್ದಾಗ ಉಪ್ಪಿನವರ ಕೈಯಿಂದ ಉಪ್ಪು ನೆಕ್ಕಿತ್ತು. ಅದು ಕಾಲಿಳಿಸಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯ ಮೀಸೆಯ ಹುಲಿ ಇತ್ತು. ಸಾಂತವ್ವ ಈ ಸಲ ಉಪ್ಪಿನ ಹಾಡನ್ನೇ ನುಡಿಸಿದಳು.

"ತಂಗಿ, ನನಗೀಗ ತುಂಬ ಹಸಿವು" ಎಂದಿತು ಹುಲಿ. "ಆದರೆ ನಿನ್ನನ್ನು ತಿಂದರೆ ಇದನ್ನು ನುಡಿಸುವವರು ಯಾರು?"

"ಅದನ್ನು ನೀನೇ ಯೋಚಿಸಬೇಕು, ಹುಲಿಯಣ್ಣ."

"ಯೋಚಿಸುತ್ತೇನೆ. ಅಷ್ಟರಲ್ಲಿ ಒಳಗೆ ಹೋಗಿಬಿಡು."

ಮೂರನೆಯ ಬಾಗಿಲಲ್ಲಿ ವಜ್ರಕಂಠನೇ ಕುಳಿತಿದ್ದ.

"ಸ್ವಾಮಿ, ನನ್ನ ಅಣ್ಣನನ್ನು ಬಿಟ್ಟುಬಿಡಿ."

"ಅರಮನೆಯಲ್ಲಿ ಕಲಿತೂ ಸಂತೆಯ ಹಾಡು ನುಡಿಸುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೆ?"

"ಈ ಹಾಡು ಇರದಿದ್ದರೆ ನಾನು ವಾದ್ಯವನ್ನೇ ಮುಟ್ಟುತ್ತಿರಲಿಲ್ಲ. ನೀವೂ ನಮ್ಮ ಊರಿನಲ್ಲೇ ಬೆಳೆದವರಲ್ಲವೆ?"

ಸಾಂತವ್ವ ಮೊದಲ ಸಾಲು ನುಡಿಸಿ, ಉಪ್ಪಿನವರಂತೆಯೇ ನಿಲ್ಲಿಸಿದಳು. ನುಡಿಸುವುದು ಬಾಯಲ್ಲಿ ಹಾಡಿದಂತಲ್ಲ, ಆದ್ದರಿಂದ ಅವಳಿಗೆ ಏನೂ ಆಗಲಿಲ್ಲ. ವಜ್ರಕಂಠ ಹಲ್ಲು ಕಚ್ಚಿ ಕುಳಿತ. ಅವಳು ಮತ್ತೆ ನುಡಿಸಿ ನಿಲ್ಲಿಸಿದಳು. ಅವನು ಕಿವಿ ಮುಚ್ಚಿಕೊಂಡ. ಆದರೆ ಚಿಕ್ಕಂದಿನಲ್ಲಿ ಕಲಿತ ಹಾಡು ಕಿವಿಯ ಒಳಗಡೆ ಇರುತ್ತದೆ. ಮೂರನೆಯ ಸಲ ಅವಳು ನಿಲ್ಲಿಸಿದಾಗ ಅವನ ಬಾಯಿ ತಾನಾಗಿ ತೆರೆಯಿತು. "ಬಾಗಿಲಿಗೆ ಬಾರಣ್ಣ" ಎಂದ. ಅಷ್ಟಕ್ಕೇ ಕಲ್ಲಾದ.

ಶಾಪ ಹಾಕಿದವನೇ ಶಾಪಕ್ಕೆ ಸಿಕ್ಕರೆ ಶಾಪ ಮುರಿದುಬೀಳುತ್ತದೆ. ಆದ್ದರಿಂದ ಊರಿನಲ್ಲಿ ಕಲ್ಲಾಗಿದ್ದ ಹೊನ್ನಯ್ಯ ಎದ್ದ. ವಜ್ರಕಂಠನೂ ಎದ್ದ, ಆದರೆ ಅವನಿಗೆ ಮಾಟ ಮರೆತುಹೋಗಿತ್ತು. "ಒಂದೇ ಒಂದು ಸಲ ನುಡಿಸವ್ವ, ಸಾಲು ಮುಗಿಸಿಬಿಡುತ್ತೇನೆ" ಎಂದು ಕೇಳಿಕೊಂಡ. ಅವಳು ನುಡಿಸಿದಳು. ಅವನು ಪೂರ್ತಿ ಹಾಡಿ, ಹಗುರಾಗಿ ಕೋಟೆ ಇಳಿದು ಹೋದ.

ಸಾಂತವ್ವ ಮನೆಗೆ ಓಡಿಬಂದಳು. ಹೊನ್ನಯ್ಯ ಗಾಣದ ಎತ್ತನ್ನು ಗದರುತ್ತಿದ್ದ.

"ಎಲ್ಲಿಗೆ ಹೋಗಿದ್ದೆ? ಬೇಗ ಊಟಕ್ಕಿಡು" ಎಂದ.

ಅವಳು ನಗುತ್ತ ಒಲೆ ಹೊತ್ತಿಸಿದಳು. ಅಂದಿನಿಂದ ಬೆಳ್ಳಿಹೊಳೆಯಲ್ಲಿ ಎಲ್ಲರೂ ಹಾಡಿಕೊಂಡು, ಉಪ್ಪು ಹಾಕಿದ ಅಡುಗೆ ಉಂಡುಕೊಂಡು ಚೆನ್ನಾಗಿದ್ದರು.