ಏಳು ಭ್ರೂಣ, ಒಂದು ಹನಿ ಅತ್ತರು

೨೦೦೬ರ ಏಪ್ರಿಲ್ ೧೩, ಗುರುವಾರ. ಇಂಡಿ ಪಟ್ಟಣದ ಹೊರಗಿದ್ದ ಗೋತಳಿ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಖಿಲಾರಿ ಆಕಳಿನ ಏಳು ಭ್ರೂಣಗಳಿದ್ದವು. ಅವುಗಳಿಗೆ ಅಂದು ಐದನೆಯ ದಿನ.

ವಿದ್ಯಾವತಿ ಬಾಗಿಲು ತಳ್ಳಿದಳು.

"ಒಳಗ ಬರಬ್ಯಾಡ್ರಿ! ಹಿಂದಕ್ಕ ಸರೀರಿ!"

ಕೂಗಿದವನು ಸಿದ್ದಲಿಂಗ. ಯುಗಾದಿಯ ಮರುದಿನವಷ್ಟೇ ಅವಳಿಗೆ ನಿಶ್ಚಯವಾದ ವರ! ಬಾಗಿಲು ಅವಳ ಮುಖದ ಮೇಲೆಯೇ ಮುಚ್ಚಿಕೊಂಡಿತು.

ಸಿಂದಗಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು... ನಿಶ್ಚಯದ ಸೀರೆಯ ಜೊತೆಗೆ ಅವನ ತಾಯಿಯೇ ಕೊಟ್ಟ ಅತ್ತರನ್ನು ಹಚ್ಚಿಕೊಂಡು.

ಬಾಗಿಲ ಗಾಜಿನಾಚೆ ಅವನ ಸಹಾಯಕಿ ಸೌಂದರ್ಯಾ ಕಂಡಳು. ಒಂದೇ ಸೂಕ್ಷ್ಮದರ್ಶಕದ ಮೇಲೆ ಇಬ್ಬರ ತಲೆಗಳು ಬಾಗಿದ್ದವು. ಅವನು ಏನೋ ಹೇಳಿದ. ಅವಳು ನಕ್ಕಳು.

'ಆಕಿ ಒಳಗ. ನಾ ಹೊರಗ!'

ಮುಂದಿನ ಬಸ್ಸಿಗೇ ಹಿಂದಿರುಗಿದಳು.

ಭಾನುವಾರ ಸಿದ್ದಲಿಂಗ ಸಿಂದಗಿಗೆ ಬಂದಾಗ, ಸೀರೆ, ಅತ್ತರಿನ ಶೀಶೆ ಎರಡೂ ಗಂಟಾಗಿ ಕಟ್ಟೆಯ ಮೇಲಿದ್ದವು.

"ಒಯ್ರಿ. ಸೌಂದರ್ಯಾಗ ಉಡಸ್ರಿ," ಎಂಬ ಧ್ವನಿ ಕದದ ಹಿಂದಿನಿಂದ ಬಂದಿತು.

"ಕೆಲಸಾ ಬಿಟ್ಟು ಹೊರಗ ಬರೂದ್ರಾಗ ನೀವ ಇರಲಿಲ್ರಿ. ಅತ್ತರಿನ ವಾಸನಿ ಭ್ರೂಣಕ್ಕ ವಿಷ ಇದ್ದಂಗ. ಹಡೆದವ್ವ ಬಂದ್ರೂ ಒಳಗ ಬಿಡಂಗಿಲ್ಲ."

"ಆಕೀ ತಲಿ ನಿಮ್ಮ ತಲಿಗೆ ಹತ್ತಿತ್ತಲ್ಲ?"

"ಅದು ಇಬ್ಬರು ಕೂಡಿ ನೋಡೂ ಯಂತ್ರ ಐತ್ರಿ. ಅವತ್ತ ಬಿಟ್ಟು ಏಳಾಕ ಬರ್ತಿರಲಿಲ್ಲ. ಒಂದು ಕೋಶ ಎರಡಾಗಿ, ಎರಡು ನಾಕಾಗಿ—"

"ನಾ ಗಣಿತದ ಮಾಸ್ತರಿಣಿ. ಗುಣಾಕಾರ ಕಲಸಬ್ಯಾಡ್ರಿ!"

"ಮೂವತ್ತೆರಡು ಆಗೂತನಕ ಎಲ್ಲಾ ಬಿಡಿಬಿಡಿ. ಆಮ್ಯಾಲ, ಐದನೇ ದಿನಕ್ಕ, ಒಂದರ ಮೈಮ್ಯಾಲಿನ ಪ್ರೋಟೀನು ಇನ್ನೊಂದರದ್ದನ್ನ ಬಿಗಿಯಾಗಿ ಹಿಡಿತೈತಿ. ಅದಕ್ಕ ಕ್ಯಾಲ್ಸಿಯಂ ಬೇಕು. ಇಲ್ಲಂದ್ರ ಹಿಡಿತ ಸಡಲ್ತೈತಿ. ಒಳಗ ಉಳಿದವು ಕರು ಆಗ್ತಾವು. ಹೊರಗಿನವುಗಳಾಗ ಬ್ಯಾರೆ ಜೀನು ಎಚ್ಚರಾಗಿ, ಕರುವಿಗೆ ಉಣಸೂ ಮಾಸು ಆಗ್ತಾವು."

"ಅಂದ್ರ ಆಕಿ ಕರು, ನಾ ಮಾಸು!"

ಸಿದ್ದಲಿಂಗನಿಗೆ ನಗು ಬಂದಿತು. ನುಂಗಿಕೊಂಡ. "ಮಾಸು ಇಲ್ಲಂದ್ರ ಕರು ಗರ್ಭಕ್ಕ ಹತ್ತಂಗಿಲ್ರಿ."



"ಆ ಏಳು ಏನಾದವು?"

"ಐದನ್ನ ನಿನ್ನೆ ಆಕಳ ಗರ್ಭಕ್ಕ ಬಿಟ್ಟೇವಿ. ಎರಡು ಬೆಳಿಲಿಲ್ಲ."

"ನನ್ನಿಂದನ?"

"ಗೊತ್ತಿಲ್ರಿ. ಹೌದಂತನೂ ಹೇಳಾಕ ಬರೂದಿಲ್ಲ, ಅಲ್ಲಂತನೂ ಹೇಳಾಕ ಬರೂದಿಲ್ಲ."

ಬೇರೆ ಯಾರಾಗಿದ್ದರೂ ಅಲ್ಲವೆಂದು ಸುಳ್ಳು ಹೇಳಿ ಓಲೈಸುತ್ತಿದ್ದರು. ಇವನು ಹೇಳಲಿಲ್ಲ! ವಿದ್ಯಾವತಿ ಕದ ತೆರೆದಳು. ಕಣ್ಣುಗಳು ಕೆಂಪಾಗಿದ್ದವು. ಗಂಟು ಬಿಚ್ಚಿ, ಶೀಶೆ ತೆಗೆದು, ಅವನ ಮುಂಗೈ ಹಿಡಿದು ಅತ್ತರು ತೀಡಿದಳು.

"ಅಯ್ಯ! ಸಂಜಿಗೆ ಹೊಸಾ ಭ್ರೂಣದ ತಟ್ಟಿ ನೋಡೂದೈತಿ..."

"ಸೌಂದರ್ಯಾ ಒಬ್ಬಾಕಿನ ನೋಡ್ಲಿ. ಇವತ್ತ ನೀವೂ ಹೊರಗ!"

ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಹೊರಗ ನಿಲ್ಲಿಸಿದ ಬಾಕಿ ತೀರಿತೇನು, ವಿದ್ಯಾ?"

"ಅರ್ಧ ತೀರಿತು," ಎಂದಳು ಅವಳು. "ಆ ಕೈನೂ ಕೊಡ್ರಿ."