ಮದರ್‌ಬೋರ್ಡಿನ ಜೊತೆ ಹೋದ ದನಿ

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಬಸ್ ಚಾಲಕನ ದೂರು ವಿಚಿತ್ರವಾಗಿತ್ತು. ಮನೆಯ ಕಂಪ್ಯೂಟರಿನಿಂದ ಮದರ್‌ಬೋರ್ಡ್ ಮಾತ್ರ ಕಳುವಾಗಿತ್ತು.

"ಹೊಸದು ಹಾಕಿಸಿದ್ರೆ ಆಗಲ್ವಾ?" ಎಂದರು ಇನ್‌ಸ್ಪೆಕ್ಟರ್.

"ಬೋರ್ಡ್ ಹಾಳಾಗಿ ಹೋಗ್ಲಿ ಸಾರ್. ಅದರ ಮೇಲೆ ಕೂರಿಸಿರೋ ಡ್ರೈವ್‌ನಲ್ಲಿ ನನ್ ಹೆಂಡ್ತಿ ದನಿ ಇದೆ."

ಹೆಂಡತಿ ರೇಡಿಯೊ ಉದ್ಘೋಷಕಿ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮುಂಚೆ ಆಕೆ ದಿನವೂ ಕೂತು ಓದಿ ಧ್ವನಿಮುದ್ರಿಸಿದ್ದಳು. ಇನ್ನು ಮುಂದೆ ಆಕೆ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಆಕೆಯದೇ ದನಿಯಲ್ಲಿ ಹೇಳಬೇಕಿತ್ತು. ಬೇರೆ ಪ್ರತಿ ಇರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಕಂಡಂತೆ ಬಾಗಿಲ ಬೀಗ ಒಡೆದಿರಲಿಲ್ಲ. ಬೋರ್ಡಿಗಿಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡನ್ನು ಕಳ್ಳ ಮಡಚಿದ ಟವೆಲ್ ಮೇಲೆ ಜೋಪಾನವಾಗಿ ಇಟ್ಟುಹೋಗಿದ್ದ.

ಬೋರ್ಡಿನ ಖಾಲಿ ಡಬ್ಬಿ ನೋಡಿದ ಮಹಿಳಾ ಕಾನ್‌ಸ್ಟೆಬಲ್‌ಗೆ ಅನುಮಾನ ಬಂತು. ಅವಳ ತಮ್ಮನಿಗೆ ಕಂಪ್ಯೂಟರಿನ ವೇಗ ಏರಿಸುವ ಹುಚ್ಚು.

"ಪ್ರೊಸೆಸರ್‌ಗೆ ಕರೆಂಟ್ ಕೊಡೋ ಭಾಗ ಇದ್ರಲ್ಲಿ ಬಲು ಗಟ್ಟಿ ಸಾರ್. ಮಿತಿ ಮೀರಿ ವೇಗ ಏರಿಸಿದ್ರೂ ತಡ್ಕೊಳ್ಳುತ್ತೆ. ಕಂಪ್ಯೂಟರ್ ಶುರುಮಾಡೋ ಬಯೋಸ್ ಚಿಪ್ ಒಂದು ಕೈಕೊಟ್ರೆ ಇನ್ನೊಂದಿದೆ. ಕಂಪ್ಯೂಟರ್ ವೇಗ ಏರಿಸೋ ಸ್ಪರ್ಧೆಗೆ ಹೋಗೋರು ಇದಕ್ಕೆ ಪ್ರಾಣ ಬಿಡ್ತಾರೆ. ಇವತ್ತೇ ಒಂದು ಸ್ಪರ್ಧೆ ಇದೆ."

ಇನ್‌ಸ್ಪೆಕ್ಟರ್ ಚಾಲಕನತ್ತ ತಿರುಗಿದರು. "ಮನೆ ಕೀಲಿ ಇನ್ಯಾರ ಹತ್ರ ಇದೆ?"

"ನನ್ ತಮ್ಮನ ಹತ್ರ. ಕಂಪ್ಯೂಟರ್ ಜೋಡಿಸಿದ್ದೂ ಅವನೇ..." ಹೇಳುತ್ತಲೇ ಅವನ ಮುಖ ಬಿಳಿಚಿತು.

ಸ್ಪರ್ಧೆಯ ಸಭಾಂಗಣದಲ್ಲಿ ಮೇಜುಮೇಜಿನ ಮೇಲೂ ಪ್ರೊಸೆಸರ್ ತಣ್ಣಗಿಡಲು ಸುರಿದ ದ್ರವ ಸಾರಜನಕ ಹೊಗೆಯಾಡುತ್ತಿತ್ತು. ಚಾಲಕನ ತಮ್ಮ ಅಲ್ಲೇ ಸಿಕ್ಕಿದ. ಅವನ ಮುಂದಿದ್ದ ಬೋರ್ಡಿನ ಕ್ರಮಸಂಖ್ಯೆ ಡಬ್ಬಿಯದಕ್ಕೆ ತಾಳೆಯಾಯಿತು.

"ಡ್ರೈವ್ ಎಲ್ಲಿ?" ಎಂದರು ಇನ್‌ಸ್ಪೆಕ್ಟರ್.

"ತಣ್ಣಗಾಗಿ ಕೆಡಬಾರ್ದು ಅಂತ ಬಿಚ್ಚಿಟ್ಟೆ." ಕನ್ನಡಕದ ಡಬ್ಬಿ ತೆರೆದ.

"ಏನಾದ್ರೂ ಅಳಿಸಿದ್ಯಾ?"

"ಮುಟ್ಟೇ ಇಲ್ಲ ಸಾರ್."

"ಇದ್ರಲ್ಲಿರೋದು ನಿಮ್ಮತ್ತಿಗೆ ದನಿ."

ಅವನು ಕನ್ನಡಕದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. "ಅದು ಆಸ್ಪತ್ರೆಯವ್ರ ಹತ್ರ ಇದೆ ಅಂದ್ಕೊಂಡಿದ್ದೆ..."

ಬಂಧನವಾಯಿತು. ಠಾಣೆಯಲ್ಲಿ ಪಂಚರ ಎದುರು ತಂತ್ರಜ್ಞ ಡ್ರೈವ್ ಜೋಡಿಸಿದ. "ನಮಸ್ಕಾರ, ಕೇಳುಗರೇ," ಎಂದಿತು ತಿಳಿಯಾದ ಹೆಣ್ಣುದನಿ. ಉದ್ಘೋಷಕಿ ಗಂಡನ ತೋಳು ಹಿಡಿದು ಸದ್ದಿಲ್ಲದೆ ನಕ್ಕಳು. ಚಾಲಕ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ತಮ್ಮನ ಸ್ವಂತ ಬೋರ್ಡ್ ಹಿಂದಿನ ದಿನ ಅಭ್ಯಾಸದಲ್ಲೇ ಸುಟ್ಟಿತ್ತು. ಕೇಳಿದ್ದರೆ ಅಣ್ಣ ಕೊಡುತ್ತಿದ್ದ. ಆದರೆ ಕೇಳಬೇಕೆಂದರೆ ಸುಟ್ಟದ್ದನ್ನು ಹೇಳಬೇಕು. ಈ ಸಲವೂ ಕೆಡಿಸಿಕೊಂಡೆಯಾ ಎಂದು ಮನೆಮಂದಿ ನಗುತ್ತಾರೆಂಬ ಅಂಜಿಕೆ.

ಹೇಳಿಕೆಗೆ ಸಹಿ ಹಾಕಿ ಅವನು ಕೇಳಿದ್ದು ಒಂದೇ. "ಅತ್ತಿಗೆ ದನಿ ಸರಿಯಾಗಿ ಬಂತಾ ಸಾರ್?"

"ಬಂತಪ್ಪಾ," ಎಂದರು ಇನ್‌ಸ್ಪೆಕ್ಟರ್.