ನಜೀಬನ ಫೋನು, ‘ಹರೆಯದ ಮಾತು’ ಕಾರ್ಯಕ್ರಮಕ್ಕೆ

“ಮೊದಲು ನಿಮ್ಮ ರೇಡಿಯೋ ವಾಲ್ಯೂಮ್ ಕಡಿಮಿ ಮಾಡ್ರಿ!” ಎಂದು ಕವಿತಾ ನನ್ನನ್ನು ಗದರಿದ್ದು ಇಡೀ ಕೊಪ್ಪಳ ಕೇಳುವಂತೆ. ನನಗೆ ಸಿಟ್ಟು ಬಂತು. “ನಿಮ್ಮ ದನಿ ಹೆಂಗ ಸಣ್ಣದು ಮಾಡ್ಲಿರಿ ಮೇಡಂ?” ಎಂದೆ. ಆಕೆ ನಕ್ಕಳು. ಆ ನಗುವಿಗೇ ನಾನು ಹಾಳಾದೆ.

ಭಾಗ್ಯನಗರದಲ್ಲಿ ನನ್ನದು ಮಿಕ್ಸಿ, ಫ್ಯಾನ್ ರಿಪೇರಿ ಅಂಗಡಿ. ಆಕೆ ರೇಡಿಯೋದಲ್ಲಿ ‘ಹರೆಯದ ಮಾತು’ ನಡೆಸುವವಳು. ಫೋನಿನಲ್ಲಿ ಶುರುವಾದದ್ದು ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿಯವರೆಗೂ ಬಂತು. ಖಾರಕ್ಕೆ ನೀರು ತುಂಬಿದ ಕಣ್ಣಿನಿಂದಲೇ ಓರೆಯಾಗಿ ನೋಡಿ, “ನನ್ನೇನ್ ನೋಡ್ತೀರಿ ನಜೀಬ? ಮಿರ್ಚಿ ಆರ್ತೈತಿ” ಅನ್ನುತ್ತಿದ್ದಳು. ಯಾ ಅಲ್ಲಾ, ಎಂಥ ಚೆಲುವಿ!

ಅಷ್ಟರಲ್ಲಿ ಕುಷ್ಟಗಿಯಿಂದ ಗಂಡಿನವರು ಆಕೆಯನ್ನು ನೋಡಲು ಬರುವುದು ನಿಗದಿಯಾಯಿತು.

“ಅಪ್ಪನ ಮುಂದ ನಿಂತು ನಿಮ್ಮ ಹೆಸರು ಹೇಳಾಕ ನನಗ ಧೈರ್ಯ ಇಲ್ರಿ,” ಎಂದಳು. “ಅಪ್ಪ ನನ್ನ ಪ್ರೋಗ್ರಾಮ್ ತಪ್ಪಸೂದಿಲ್ಲ. ನೀವು ರೇಡಿಯೋದಾಗ ಹೇಳಿಬಿಡ್ರಿ, ನಾನು ಹೂಂ ಅಂತೀನಿ. ಊರೆಲ್ಲ ಕೇಳಿದ ಮ್ಯಾಲ ಯಾರೇನು ಮಾಡ್ತಾರ?”

ಹುಚ್ಚ ನಾನು, ನಂಬಿದೆ.

ನಾನು ಫೋನ್ ಮಾಡಿದ ದಿನದ ವಿಷಯ ಪ್ರೀತಿ. “ಮನಸು ಬಿಚ್ಚಿ ಮಾತಾಡ್ರಿ, ಇದು ನಿಮ್ಮದ ರೇಡಿಯೋ,” ಎಂದು ಬಾಯಿತುಂಬ ಕರೆದಳು. ನಾನು ಬಿಚ್ಚಿದೆ.

“ನಾನು ಸಾಬರ ಹುಡುಗರಿ, ಆಕಿ ನಮ್ಮವರಾಕಿ ಅಲ್ಲ. ಮದುವಿ ಆದ್ರ ಆಕೀನ್ನ. ಆಕಿ ಹೆಸರು…”

ಟಕ್ ಅಂತ ಲೈನ್ ಕಟ್ಟಾಯಿತು.

“ಇಂಥ ಮಾತಿಗೆ ಇಲ್ಲಿ ಜಾಗ ಇಲ್ಲ,” ಎಂದಿತು ರೇಡಿಯೋದಲ್ಲಿ ಆಕೆಯ ದನಿ. “ತಮ್ಮಾ, ಹಡೆದವರ ಹೊಟ್ಟಿ ಉರಸಬ್ಯಾಡ.”

ನನ್ನನ್ನು ತಮ್ಮಾ ಅಂದಳು!

ಮುಂದಿನ ಕರೆ ಆಕೆಯ ಅಪ್ಪನದೇ. “ಛಲೋ ಬುದ್ಧಿ ಹೇಳಿದಿ ನನ್ನವ್ವಾ. ಯಾವ ಮನಿ ಹುಡುಗೀನ್ನ ಹಾಳ ಮಾಡ್ತಿದ್ನೋ ಏನೋ!”

“ಥ್ಯಾಂಕ್ಸ್ ಅಪ್ಪಾ,” ಎಂದು ಕವಿತಾ ಹಾಡು ಹಾಕಿದಳು.

ಹಾಡು ನಡೆದಿರುವಾಗಲೇ ನನ್ನ ಮೊಬೈಲ್ ರಿಂಗಾಯಿತು. ಆಕೆ ಅಳುತ್ತಿದ್ದಳು.

“ನಮ್ಮ ರೇಡಿಯೋದ ಸಾಹೇಬ್ರು ಬಂದು ಪಕ್ಕದಾಗ ನಿಂತ್ರು. ಕಟ್ ಮಾಡದಿದ್ರ ಸ್ಟೇಷನ್ನ ಬಂದ್ ಆಗ್ತೈತಿ ಅಂದ್ರು. ನಿಮ್ಮ ಮ್ಯಾಲ ಜೀವಾನ ಇಟಗೊಂಡೀನಿ ನಜೀಬ, ಖರೇನ!”

ಆ ಒಂದು ಮಾತಿಗಾಗಿ ಎಷ್ಟು ಹಂಬಲಿಸಿದ್ದೆ! ಅದು ಬಂದದ್ದು ಮೈಕ್ ಆಫ್ ಇದ್ದಾಗ.

“ಇದನ್ನ ಮೈಕ್ ಆನ್ ಮಾಡಿ ಹೇಳ್ರಿ,” ಎಂದೆ.

“ಆಗೂದಿಲ್ರಿ…”

“ಹಂಗಾದ್ರ ಕುಷ್ಟಗಿಯವರ ಮುಂದ ಛಂದಂಗ ಸೀರಿ ಉಟ್ಟು ಕುಂದ್ರು ಹೋಗು, ಅಕ್ಕಾ,” ಎಂದು ಫೋನ್ ಇಟ್ಟೆ.